ಕಾಲುವೆ ನೀರಿಗೆ ಅಳತೆಯ ದರ ಹಾಕಿದರೆ ಭತ್ತ ಕಡಿಮೆಯಾದೀತೇ? ತುಂಗಭದ್ರಾ ಎಡದಂಡೆಯ ಲೆಕ್ಕ

ನೆರಳುಬೆಲೆ:
ನಾನು ಕೃಷಿ ಅರ್ಥಶಾಸ್ತ್ರದ ವಿದ್ಯಾರ್ಥಿ. ಪ್ರಬಂಧಕ್ಕಾಗಿ ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿಗೆ ಒಂದು ಸಣ್ಣ ಗಣಿತ ಮಾದರಿ ಕಟ್ಟುತ್ತಿದ್ದೇನೆ. ಅದು ಹೇಳುತ್ತಿರುವುದನ್ನು ಇಲ್ಲಿ ಇಡುತ್ತೇನೆ. ಆ ಕಡೆಯವರು ಓದಿ, ಬೈಯಬೇಕೆನಿಸಿದರೆ ಬೈಯಿರಿ.

ಮೊದಲು ದರದ ವಿಷಯ. ನಮ್ಮಲ್ಲಿ ಕಾಲುವೆ ನೀರಿಗೆ ಕರ ಬೀಳುವುದು ಅಳತೆಯ ಮೇಲಲ್ಲ, ಬೆಳೆ ಮತ್ತು ಎಕರೆಯ ಮೇಲೆ. 2000ದ ಸುಮಾರಿಗೆ ಗೊತ್ತುಮಾಡಿದ ದರದಲ್ಲಿ ಭತ್ತಕ್ಕೆ ಎಕರೆಗೆ 100 ರೂಪಾಯಿ, ಕಬ್ಬಿಗೆ 400. ಒಂದು ಹಂಗಾಮಿನ ಭತ್ತಕ್ಕೆ 1,200 ಮಿ.ಮೀ. ನೀರು ಎಂದು ಹಿಡಿದರೆ ಎಕರೆಗೆ ಸುಮಾರು 4,850 ಘನಮೀಟರ್ ಆಗುತ್ತದೆ. ಭಾಗಿಸಿ ನೋಡಿ: ಘನಮೀಟರಿಗೆ, ಅಂದರೆ ಸಾವಿರ ಲೀಟರಿಗೆ, ಎರಡು ಪೈಸೆ. ಆ ಎರಡು ಪೈಸೆಯೂ ಪೂರ್ತಿ ವಸೂಲಾಗುವುದಿಲ್ಲ. ನೀರಿನ ದರವನ್ನು ಹಂತಹಂತವಾಗಿ ಅಳತೆಗೆ ತರಬೇಕೆಂದು ವೈದ್ಯನಾಥನ್ ಸಮಿತಿ 1992ರಲ್ಲೇ ಹೇಳಿತ್ತು.

ಮಾದರಿ ಸರಳವಾದದ್ದು, ಲೀನಿಯರ್ ಪ್ರೋಗ್ರಾಮಿಂಗ್. ಭೂಮಿ ಇಷ್ಟು, ತಿಂಗಳವಾರು ನೀರು ಇಷ್ಟು, ಆಳು ಇಷ್ಟು ಎಂಬ ಮಿತಿಗಳನ್ನು ಕೊಟ್ಟರೆ, ಒಟ್ಟು ನಿವ್ವಳ ಆದಾಯ ಅತಿ ಹೆಚ್ಚಾಗುವಂತೆ ಭತ್ತ, ಹತ್ತಿ, ಜೋಳ, ಕಡಲೆ, ಮೆಣಸಿನಕಾಯಿಗೆ ಎಷ್ಟೆಷ್ಟು ಎಕರೆ ಎಂದು ಅದು ಹೇಳುತ್ತದೆ. ನೀರಿನ ದರವನ್ನು ಏರಿಸುತ್ತ ಹೋದೆ. ಹತ್ತು ಪಟ್ಟು ಮಾಡಿದರೂ ಭತ್ತದ ಒಂದು ಎಕರೆ ಅಲುಗಲಿಲ್ಲ. ಐವತ್ತು ಪಟ್ಟಿಗೂ ಇಲ್ಲ. ಕಾರಣ ಕೈಲೆಕ್ಕದಲ್ಲೇ ಕಾಣುತ್ತದೆ. ಭತ್ತಕ್ಕೂ ಹಿಂಗಾರಿ ಜೋಳಕ್ಕೂ ನೀರಿನ ಅಂತರ ಎಕರೆಗೆ ಸುಮಾರು 3,000 ಘನಮೀಟರ್. ಲಾಭದ ಅಂತರವನ್ನು 15,000 ರೂಪಾಯಿ ಎಂದು ಇಟ್ಟುಕೊಳ್ಳಿ (ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ). ಆಗ ರೈತ ಭತ್ತ ಬಿಡಬೇಕಾದರೆ ಘನಮೀಟರಿಗೆ ಐದು ರೂಪಾಯಿ ದರ ಬೇಕು, ಅಂದರೆ ಇಂದಿನ 250 ಪಟ್ಟು.

ನನ್ನ ಪ್ರಸ್ತಾಪ ಇದು: ಅಳತೆಯ ದರ ಹಾಕಿ, ವಸೂಲಾದ ಹಣವನ್ನು ಅಚ್ಚುಕಟ್ಟಿನ ಎಲ್ಲ ಎಕರೆಗಳಿಗೂ ಸಮನಾಗಿ ಹಿಂದಿರುಗಿಸಬೇಕು. ಸರಾಸರಿಗಿಂತ ಕಡಿಮೆ ನೀರು ಬಳಸಿದವನಿಗೆ ಲಾಭ, ಹೆಚ್ಚು ಬಳಸಿದವನಿಗೆ ನಷ್ಟ, ಸರ್ಕಾರಕ್ಕೆ ಒಂದು ಪೈಸೆಯೂ ಉಳಿಯುವುದಿಲ್ಲ. ಇದರಲ್ಲಿ ಎಡವಟ್ಟು ಎಲ್ಲಿದೆ?

ಕೊನೆಯ ತೂಬು:
ಎಡವಟ್ಟು ಮೊದಲ ಸಾಲಿನಲ್ಲೇ ಇದೆ ತಮ್ಮಾ. "ಅಚ್ಚುಕಟ್ಟಿಗೆ ಒಂದು ಮಾದರಿ" ಎಂದಿದ್ದೀರಿ. ಈ ಕಾಲುವೆ 141 ಮೈಲು ಉದ್ದ, ಸುಮಾರು 227 ಕಿಲೋಮೀಟರ್. ನಿಮ್ಮ ಕಂಪ್ಯೂಟರಿನಲ್ಲಿ ನೀರು ಒಂದೇ ತೊಟ್ಟಿಯಲ್ಲಿದೆ, ಎಲ್ಲರೂ ಅದರ ಸುತ್ತ ನಿಂತಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ಮುನಿರಾಬಾದಿನಲ್ಲಿ ಬಿಟ್ಟ ನೀರು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರಿನ ಕಡೆ ಬರಬೇಕು. ಬರುವುದು ಉಳಿದದ್ದು. ಮೈಲ್ 104ರಲ್ಲಿ ಗೇಜ್ (ಗೊತ್ತುಮಾಡಿದ ನೀರಿನ ಮಟ್ಟ) ನಿಲ್ಲಿಸಿ ಎಂದು ನಮ್ಮ ಕಡೆಯವರು ಪ್ರತಿ ವರ್ಷ ರಸ್ತೆಗೆ ಇಳಿಯುವುದು ಹವ್ಯಾಸಕ್ಕಲ್ಲ.

ಬಾರದ ನೀರಿಗೆ ದರ ಎರಡು ಪೈಸೆಯಾದರೇನು, ಐದು ರೂಪಾಯಿಯಾದರೇನು? ಇನ್ನೊಂದು ಮಾತು. ಈ ಕಾಲುವೆಯನ್ನು ಕಟ್ಟಿದ್ದೇ ಭತ್ತಕ್ಕಲ್ಲ. ಬರಗಾಲದ ಸೀಮೆಯಲ್ಲಿ ಹೆಚ್ಚು ಜನರಿಗೆ ಒಂದೆರಡು ನೀರು ಸಿಗಲಿ, ಜೋಳ, ಹತ್ತಿ ಕೈಗೆ ಹತ್ತಲಿ ಎಂದು ಕಟ್ಟಿದ್ದು. ಬಹುಪಾಲು ಭೂಮಿಯನ್ನು ಅರೆ ಖುಷ್ಕಿ (ಕಡಿಮೆ ನೀರಿನ) ಬೆಳೆಗೆ ಗೊತ್ತುಮಾಡಿ, ಭತ್ತ ಕಬ್ಬಿಗೆ ಸಣ್ಣ ಪಾಲು ಇಟ್ಟಿದ್ದರು. ಯಾವ ಹೊಲಕ್ಕೆ ಯಾವ ಬೆಳೆ ಎಂಬ ಆ ಪಟ್ಟಿ ಇಂದಿಗೂ ಕಚೇರಿಯ ಕಡತದಲ್ಲಿದೆ. ಅದನ್ನು ಪಾಲಿಸಿದರೆ ನಿಮ್ಮ ಮಾದರಿಯೇ ಬೇಕಿಲ್ಲ.

ಕಾರಟಗಿ ಗದ್ದೆ:
ಪ್ರತಿ ಚರ್ಚೆಯಲ್ಲೂ ಕಳ್ಳರು ಮೇಲಿನ ಭಾಗದ ನಾವೇ. ಸರಿ, ಕೇಳಿ. ನನ್ನ ಹೊಲದ ಪಟ್ಟಿಯಲ್ಲಿ "ಹಿಂಗಾರಿ ಜೋಳ" ಎಂದು ಬರೆದಿರಬಹುದು. ಮೇಲಿನ ಗದ್ದೆಯಿಂದ ವರ್ಷವಿಡೀ ಬಸಿ ನೀರು ಇಳಿಯುತ್ತದೆ. ಎರೆ ಭೂಮಿ, ತೇವ ಬಿಡುವುದಿಲ್ಲ. ಅಲ್ಲಿ ಜೋಳ ಹಾಕಿದರೆ ಬೇರು ಕೊಳೆಯುತ್ತದೆ. ಕೆಲವು ಕಡೆ ಭೂಮಿ ಸವುಳಾಗಿದೆ, ನೀರು ನಿಲ್ಲಿಸಿ ಉಪ್ಪನ್ನು ಕೆಳಗೆ ಒತ್ತದಿದ್ದರೆ ಹುಲ್ಲೂ ಹುಟ್ಟುವುದಿಲ್ಲ. ನಿಮ್ಮ ಮಾದರಿಯಲ್ಲಿ ಯಾವ ಎಕರೆಗೆ ಬೇಕಾದರೂ ಯಾವ ಬೆಳೆ ಬೇಕಾದರೂ ಹಾಕಬಹುದು ಎಂದು ಇದ್ದರೆ ಅದು ನಮ್ಮ ಊರಿನ ಮಾದರಿಯಲ್ಲ.

ಲಾಭದ ಅಂತರ 15,000 ಎಂದಿರಿ. ಆ ಅಂತರದಲ್ಲಿ ಏನೇನು ಸೇರಿದೆ ಗೊತ್ತೇ? ಸೋನಾ ಮಸೂರಿಗೆ ಗಿರಣಿ ಊರಿನಲ್ಲೇ ಇದೆ. ದಲ್ಲಾಳಿ ಬಿತ್ತನೆಗೆ ಮುಂಚೆಯೇ ಸಾಲ ಕೊಡುತ್ತಾನೆ, ಭತ್ತವೆಂದರೆ ಕೊಡುತ್ತಾನೆ. ಹತ್ತಿಗೆ ಗುಲಾಬಿ ಕಾಯಿಕೊರಕ ಬಿದ್ದ ವರ್ಷ ಕೇಳುವವರಿಲ್ಲ. 2025-26ಕ್ಕೆ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369, ಹೈಬ್ರಿಡ್ ಜೋಳಕ್ಕೆ 3,699. ಕಾಗದದ ಮೇಲೆ ಜೋಳವೇ ಮೇಲು. ಆದರೆ ಎಕರೆಗೆ ಬರುವ ಇಳುವರಿ ಎಷ್ಟು, ಖರೀದಿ ಕೇಂದ್ರ ಎಷ್ಟು ದಿನ ತೆರೆದಿರುತ್ತದೆ, ಹಣ ಯಾವಾಗ ಕೈಗೆ ಬರುತ್ತದೆ? ರೈತ ಭತ್ತ ಹಚ್ಚುವುದು ನೀರು ಅಗ್ಗ ಎಂದಲ್ಲ, ಉಳಿದದ್ದೆಲ್ಲ ಅನಿಶ್ಚಿತ ಎಂದು.

ಕೊನೆಯ ತೂಬು:
ಬಸಿ ನೀರು ಮೇಲಿನ ಗದ್ದೆಯಿಂದ ಇಳಿಯುತ್ತದೆ, ಸರಿ. ಮೇಲಿನ ಗದ್ದೆ ಎಲ್ಲಿಂದ ಬಂತು? ಕ್ಯಾಂಪಿನವರು ಬಂದ ಮೇಲೆ

ನಿರ್ವಾಹಕ:
ಮೇಲಿನ ಪ್ರತಿಕ್ರಿಯೆಯ ಉಳಿದ ಸಾಲುಗಳನ್ನು ತೆಗೆದಿದ್ದೇನೆ. ಕ್ಯಾಂಪು (ಹೊರಗಿನಿಂದ ಬಂದು ನೆಲೆಸಿದ ರೈತರ ಊರು), ವಲಸೆ, ಜಾತಿ ಹಿಡಿದು ಬೈಯುವುದು ಇಲ್ಲಿ ಬೇಡ. ನೀರಿನ ಬಗ್ಗೆ ಮಾತನಾಡಿ.

ಹಳೆಯ ಗೇಜು:
ನೀರಾವರಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಹುಡುಗನ ಲೆಕ್ಕ ಚೆನ್ನಾಗಿದೆ. ಅದಕ್ಕೇ ಎರಡು ಮಾತು.

ಘನಮೀಟರಿಗೆ ದರ ಹಾಕಬೇಕಾದರೆ ಘನಮೀಟರನ್ನು ಅಳೆಯಬೇಕು. ಎಲ್ಲಿ? ಮುಖ್ಯ ಕಾಲುವೆಯಲ್ಲಿ ಗೇಜ್ ಇದೆ, ಉಪಕಾಲುವೆಯ ತಲೆಯಲ್ಲಿ ಅಳೆಯಬಹುದು. ಅಲ್ಲಿಂದ ಕೆಳಗೆ ತೂಬು. ತೂಬು ಎಂದರೆ ಏರಿಯೊಳಗೆ ಹೂತ ಒಂದು ಕೊಳವೆ. ಕಾಲುವೆಯಲ್ಲಿ ನೀರಿನ ಮಟ್ಟ ಒಂದು ಅಡಿ ಇಳಿದರೆ ಅದರಲ್ಲಿ ಹರಿಯುವ ಪ್ರಮಾಣವೇ ಬದಲಾಗುತ್ತದೆ. ಒಂದೊಂದು ತೂಬಿನ ಕೆಳಗೆ ಹತ್ತಾರು ಹಿಡುವಳಿ. ಪ್ರತಿ ರೈತನಿಗೂ ಮೀಟರ್ ಎನ್ನುವುದು ಕೊಳವೆ ಜಾಲದಲ್ಲಿ ಆಗುವ ಮಾತು. ಹುನಗುಂದ ತಾಲ್ಲೂಕಿನ ರಾಮಥಾಳದಲ್ಲಿ 24,000 ಹೆಕ್ಟೇರಿಗೆ ಹನಿ ನೀರಾವರಿ ಮಾಡಿದ್ದು ಆ ಜಾತಿಯದ್ದು. ತೆರೆದ ಕಾಲುವೆಯಲ್ಲಿ ಹಾಗಲ್ಲ. ಹಾಗಾಗಿ ಅಳತೆಯ ದರ ಎಂದರೆ ಉಪಕಾಲುವೆಯ ತಲೆಯಲ್ಲಿ ಇಡೀ ನೀರು ಬಳಕೆದಾರರ ಸಂಘಕ್ಕೆ ಹಾಕುವ ದರ. ಆ ಸಂಘ ಒಳಗೆ ಹೇಗೆ ಹಂಚುತ್ತದೆ ಎಂಬುದಕ್ಕೆ ನಿಮ್ಮ ಸೂತ್ರದಲ್ಲಿ ಜಾಗ ಇಲ್ಲ.

ಎರಡನೆಯದು, ಕಾರಟಗಿಯವರು ಹೇಳಿದ ಬಸಿ ನೀರು ಎಲ್ಲಿಗೂ ಮಾಯವಾಗುವುದಿಲ್ಲ. ಹಳ್ಳಕ್ಕೆ ಇಳಿಯುತ್ತದೆ. ಆ ಹಳ್ಳದ ಪಕ್ಕದಲ್ಲಿ ಪಂಪು ಇಟ್ಟು ಕೆಳಗಿನವರು ಎತ್ತುತ್ತಾರೆ. ಮೇಲಿನ ಗದ್ದೆಯಲ್ಲಿ "ಉಳಿಸಿದೆವು" ಎಂದು ನೀವು ಬರೆಯುವ ಪ್ರತಿ ಘನಮೀಟರಿನಲ್ಲಿ ಒಂದು ಭಾಗ ಈಗಾಗಲೇ ಇನ್ನೊಬ್ಬನ ಬೆಳೆಗೆ ಹೋಗುತ್ತಿರುವ ನೀರು. ಗಾಳಿಗೆ ಆವಿಯಾಗಿ ಹೋದದ್ದು ಎಷ್ಟು, ನೆಲಕ್ಕೂ ಹಳ್ಳಕ್ಕೂ ಮರಳಿದ್ದು ಎಷ್ಟು ಎಂದು ಬೇರೆ ಮಾಡದೆ ಉಳಿತಾಯದ ಲೆಕ್ಕ ಹಾಕಬೇಡಿ.

ಡೇವಿಸ್ ಕನ್ನಡಿಗ:
ಹಳೆಯ ಗೇಜು ಸರ್ ಹೇಳಿದ್ದಕ್ಕೆ ಒಂದು ಪುರಾವೆ. ಅಮೆರಿಕದ ರಿಯೋ ಗ್ರಾಂಡೆ ನದಿಯ ಮೇಲ್ಭಾಗದ ಕೊಳ್ಳದ ಮೇಲೆ ಫ್ರಾಂಕ್ ವಾರ್ಡ್ ಮತ್ತು ಮ್ಯಾನುಯೆಲ್ ಪುಲಿಡೊ-ವೆಲಾಜ್ಕೆಜ್ 2008ರಲ್ಲಿ ಮಾಡಿದ ಅಧ್ಯಯನ ಇದೇ ಮಾದರಿಯ ದಾರಿ ಹಿಡಿದದ್ದು. ಹನಿ ನೀರಾವರಿಗೆ ಸಹಾಯಧನ ಕೊಟ್ಟರೆ ಹೊಲಕ್ಕೆ ಹಾಯಿಸುವ ನೀರು ಇಳಿಯುತ್ತದೆ, ಇಳುವರಿ ಏರುತ್ತದೆ, ಆದರೆ ಕೊಳ್ಳದಲ್ಲಿ ಒಟ್ಟು ಬಳಕೆಯಾಗಿ ಹೋಗುವ ನೀರು ಹೆಚ್ಚಾಗಬಹುದು ಎಂದು ಅವರು ತೋರಿಸಿದರು. ಹನಿಯಿಂದ ನೀರು ಉಳಿಯಿತು ಎಂದು ಪ್ರತಿ ಯೋಜನಾ ವರದಿಯಲ್ಲೂ ಬರೆಯುವವರು ಇದನ್ನು ಓದಬೇಕು.

ವಿದ್ಯಾರ್ಥಿ ಮಿತ್ರರಿಗೆ: ನಿಮ್ಮ ಮಾದರಿ 50 ಪಟ್ಟಿನವರೆಗೆ ಅಲುಗದೆ 250ಕ್ಕೆ ಒಮ್ಮೆಲೇ ಇಡೀ ಭತ್ತವನ್ನು ಬಿಟ್ಟುಬಿಡುವುದು ಲೀನಿಯರ್ ಪ್ರೋಗ್ರಾಮಿಂಗಿನ ಹುಟ್ಟುಗುಣ. ನಿಜವಾದ ರೈತರು ಹಾಗೆ ಒಂದೇ ದಿನ ಎದ್ದು ಹೋಗುವುದಿಲ್ಲ. ಇದಕ್ಕೆ ರಿಚರ್ಡ್ ಹೋವಿಟ್ 1995ರಲ್ಲಿ ಒಂದು ದಾರಿ ಕೊಟ್ಟರು, ಪಾಸಿಟಿವ್ ಮ್ಯಾಥಮ್ಯಾಟಿಕಲ್ ಪ್ರೋಗ್ರಾಮಿಂಗ್ ಎಂದು. ರೈತ ಇಂದು ಹಾಕಿರುವ ಬೆಳೆಯ ಹಂಚಿಕೆಯನ್ನೇ ಸಾಕ್ಷಿಯಾಗಿ ತೆಗೆದುಕೊಳ್ಳುತ್ತದೆ. ಲೆಕ್ಕಕ್ಕೆ ಸಿಗದ ಖರ್ಚುಗಳು, ಅಪಾಯ, ಮಣ್ಣಿನ ಗುಣ, ಗಿರಣಿಯ ದೂರ, ಇವೆಲ್ಲ ಆ ಹಂಚಿಕೆಯಲ್ಲಿ ಅಡಗಿವೆ ಎಂದು ಹಿಡಿದು ಖರ್ಚಿನ ರೇಖೆಯನ್ನು ಬಾಗಿಸುತ್ತದೆ. ಆಗ ದರ ಏರಿದಂತೆ ಭತ್ತ ಸ್ವಲ್ಪಸ್ವಲ್ಪವಾಗಿ ಇಳಿಯುತ್ತದೆ. ಕ್ಯಾಲಿಫೋರ್ನಿಯಾದ ನೀರಿನ ನೀತಿಗೆ ಬಳಸುವ ಕೃಷಿ ಮಾದರಿಯೊಂದು ನಿಂತಿರುವುದು ಇದರ ಮೇಲೆಯೇ. ಅದನ್ನು ಹಾಕಿ ನೋಡಿ, ಕಾರಟಗಿಯವರ ಆಕ್ಷೇಪಗಳಿಗೆ ಬಹುಪಾಲು ಉತ್ತರ ಸಿಗುತ್ತದೆ.

ಕೊನೆಯ ತೂಬು:
ತಡೆಯಿರಿ ಸರ್. ಅಂದರೆ ಇಂದು ಯಾರು ಏನು ಬೆಳೆಯುತ್ತಿದ್ದಾರೋ ಅದೇ ಅವರ ಆಯ್ಕೆ ಎಂದು ನಿಮ್ಮ ಯಂತ್ರ ಓದುತ್ತದೆ. ಮೇಲೆ ಪಟ್ಟಿಗೆ ವಿರುದ್ಧವಾಗಿ ಭತ್ತ ಹಚ್ಚಿದವನು "ಭತ್ತವನ್ನು ಬಹಳ ಇಷ್ಟಪಡುವವನು" ಎಂದಾಗುತ್ತಾನೆ. ಕೆಳಗೆ ನೀರಿಲ್ಲದೆ ಹೊಲ ಬೀಳುಬಿಟ್ಟ ನಾನು "ಬೀಳು ಬಿಡುವುದನ್ನು ಇಷ್ಟಪಡುವವನು" ಎಂದಾಗುತ್ತೇನೆ. ಅಕ್ರಮ ಪಂಪಿನ ಲೆಕ್ಕವೂ ಒಳಗೆ ಸೇರಿ ಸಕ್ರಮವಾಗುತ್ತದೆ. ಆಮೇಲೆ ಅದೇ ಮಾದರಿಯಿಂದ "ಸುಧಾರಣೆ ಮಾಡಿದರೆ ಯಾರಿಗೆ ಎಷ್ಟು ನಷ್ಟ" ಎಂದು ಕೇಳಿದರೆ ನಷ್ಟವೆಲ್ಲ ಮೇಲಿನವರದ್ದೇ ಕಾಣುತ್ತದೆ. ಕಳೆದುಕೊಳ್ಳಲು ನಮ್ಮ ಹತ್ತಿರ ಏನೂ ಇರಲೇ ಇಲ್ಲವಲ್ಲ!

ನೆರಳುಬೆಲೆ:
ಈ ಮಾತನ್ನು ನನ್ನ ಮಾರ್ಗದರ್ಶಕರೂ ಹೇಳಿರಲಿಲ್ಲ. ಕಾಲುವೆಯನ್ನು ಮೂರು ತುಂಡು ಮಾಡಿದ್ದೇನೆ: ತಲೆಯಿಂದ ಮೈಲ್ 69ರವರೆಗೆ ಒಂದು, 69ರಿಂದ 104 ಎರಡನೆಯದು, ಅಲ್ಲಿಂದ ಕೊನೆಯವರೆಗೆ ಮೂರನೆಯದು. ಮೊದಲ ತುಂಡು ತೆಗೆದುಕೊಂಡು ಉಳಿದದ್ದು ಎರಡನೆಯದಕ್ಕೆ. ಹೀಗೆ ಮಾಡಿದಾಗ ನೆರಳು ಬೆಲೆ, ಅಂದರೆ ಇನ್ನೊಂದು ಘನಮೀಟರ್ ನೀರು ಸಿಕ್ಕರೆ ಆದಾಯ ಎಷ್ಟು ಹೆಚ್ಚುತ್ತದೆ ಎಂಬ ಅಂಕಿ, ಎರಡು ತುದಿಗಳಲ್ಲಿ ಅಜಗಜಾಂತರವಾಗುತ್ತದೆ. ಮೇಲೆ ಅದು ಶೂನ್ಯಕ್ಕೆ ಹತ್ತಿರ, ಏಕೆಂದರೆ ಅಲ್ಲಿ ನೀರು ಮಿತಿಯೇ ಅಲ್ಲ, ಭೂಮಿ ಮಿತಿ. ಕೆಳಗೆ, ಹೂ ಬಿಡುವ ಹೊತ್ತಿನಲ್ಲಿ ಹತ್ತಿಗೆ ಅಥವಾ ಮೆಣಸಿನಕಾಯಿಗೆ ಸಿಗುವ ಒಂದು ನೀರಿನ ಬೆಲೆ ಭತ್ತದ ಸರಾಸರಿಗಿಂತ ಎಷ್ಟೋ ಪಟ್ಟು. ದರದ ಬಗ್ಗೆ ನನ್ನ ಪ್ರಸ್ತಾಪ ಅಲ್ಲೇ ಇದೆ. ಆದರೆ ಈ ಅಂತರ ದರಕ್ಕಿಂತ ದೊಡ್ಡ ಸುದ್ದಿ ಅನಿಸುತ್ತಿದೆ.

ಹಳೆಯ ಗೇಜು:
ಆ ಅಂತರದಲ್ಲಿ ಸೋರಿಕೆಯನ್ನು ಕಳೆದಿದ್ದೀರಾ? ಮೇಲೆ ಒಂದು ಘನಮೀಟರ್ ಬಿಟ್ಟುಕೊಟ್ಟರೆ 200 ಕಿಲೋಮೀಟರ್ ದೂರದಲ್ಲಿ ಒಂದು ಘನಮೀಟರ್ ಬರುವುದಿಲ್ಲ. ಸಣ್ಣ ಪ್ರಮಾಣದಲ್ಲಿ ಬಿಟ್ಟರಂತೂ ದಾರಿಯಲ್ಲೇ ಇಂಗಿಹೋಗುತ್ತದೆ. ಕಾಲುವೆ ತುಂಬಿ ಹರಿದರೆ ಮಾತ್ರ ಕೊನೆಗೆ ಒತ್ತಡ ಮುಟ್ಟುತ್ತದೆ. ಅದಕ್ಕೇ ಸರದಿ ಪದ್ಧತಿ: ಇಷ್ಟು ದಿನ ಮೇಲಿನ ಉಪಕಾಲುವೆಗಳನ್ನು ಬಂದ್ ಮಾಡಿ ಕೆಳಕ್ಕೆ ಬಿಡುವುದು. ಇದು ದರವಲ್ಲ, ಗಡಿಯಾರ.

ಇದು ಹೊಸ ವಿದ್ಯೆಯೂ ಅಲ್ಲ. ವಿಶ್ವೇಶ್ವರಯ್ಯನವರು ಮೊದಲು ಮುಂಬೈ ಪ್ರಾಂತದ ದಖ್ಖನ್ ಕಾಲುವೆಗಳಿಗೆ, ಆಮೇಲೆ ಮಂಡ್ಯದ ಇರ್ವಿನ್ ಕಾಲುವೆಗೆ ಬ್ಲಾಕ್ ಪದ್ಧತಿ ಹೇಳಿದ್ದು ಇದೇ ಯೋಚನೆಯಿಂದ. ಪ್ರತಿ ಊರಿಗೂ ಒಂದು ತುಂಡು ನೀರಾವರಿ, ಅದರೊಳಗೆ ಕಬ್ಬು, ಭತ್ತ, ಕಡಿಮೆ ನೀರಿನ ಬೆಳೆಗಳ ಸರದಿ. ಮೇಲಿನ ನಾಲ್ಕು ಊರು ಎಲ್ಲವನ್ನೂ ಕುಡಿಯಬಾರದು. ಮಂಡ್ಯದಲ್ಲಿ ಆಮೇಲೆ ಕಬ್ಬು ಹೇಗೆ ಹರಡಿತು ಎಂಬುದು ಬೇರೆ ಕಥೆ. ಲೆಕ್ಕ ಸರಿಯಿತ್ತು, ಕಾವಲು ಇರಲಿಲ್ಲ.

ಡೇವಿಸ್ ಕನ್ನಡಿಗ:
ಗಡಿಯಾರಕ್ಕೆ ಕಾವಲು ಬೇಕು, ಕಾವಲಿಗೆ ಸಂಬಳ ಬೇಕು, ಸಂಬಳ ಪಡೆದವನ ಮೇಲೂ ಒತ್ತಡ ಬರುತ್ತದೆ. ಆಸ್ಟ್ರೇಲಿಯಾದ ಮರ್ರೆ-ಡಾರ್ಲಿಂಗ್ ಕೊಳ್ಳದಂತೆ ನೀರಿನ ಪಾಲನ್ನು ಮಾರಾಟಕ್ಕೆ ಬಿಟ್ಟರೆ? ಮೇಲಿನ ಸಂಘಕ್ಕೆ ಇಷ್ಟು ಪಾಲು, ಕೆಳಗಿನ ಸಂಘಕ್ಕೆ ಇಷ್ಟು. ಮೇಲಿನವರು ಭತ್ತ ಬಿಟ್ಟು ನೀರು ಉಳಿಸಿದರೆ ಕೆಳಗಿನವರು ಕೊಳ್ಳಲಿ. ನೆರಳು ಬೆಲೆಯ ಅಂತರ ಇರುವಲ್ಲಿ ವ್ಯಾಪಾರ ತಾನಾಗಿ ಹುಟ್ಟುತ್ತದೆ.

ಕೊನೆಯ ತೂಬು:
ನನ್ನ ಪಾಲಿನ ನೀರನ್ನೇ ನಾನು ಅವರಿಂದ ಕೊಂಡುಕೊಳ್ಳಬೇಕು! ಅಮೆರಿಕದ ಡೇವಿಸ್‌ನಲ್ಲಿ ಕುಳಿತು ಬರೆಯುವುದಕ್ಕೆ ಚೆನ್ನಾಗಿದೆ.

ಹಳೆಯ ಗೇಜು:
ಮರ್ರೆ-ಡಾರ್ಲಿಂಗ್‌ನಲ್ಲಿ ಮಾರುಕಟ್ಟೆ ಗಟ್ಟಿಯಾದದ್ದು 1995ರಲ್ಲಿ ನದಿಯಿಂದ ಎತ್ತುವ ನೀರಿಗೆ ಮೇಲ್ಮಿತಿ ಹಾಕಿದ ಮೇಲೆ. ಯಾರ ಪಾಲು ಎಷ್ಟು ಎಂದು ಬರೆದಿಟ್ಟು, ಮೀಟರ್ ಹಾಕಿ, ಮೀರಿದವರನ್ನು ಹಿಡಿಯಲು ಹೊರಟರು. ಹಾಗಿದ್ದೂ 2012ರ ಕೊಳ್ಳ ಯೋಜನೆಯಲ್ಲಿ ಸರ್ಕಾರ ನದಿಗಾಗಿ ನೀರನ್ನು ಮರಳಿ ಪಡೆಯಬೇಕಾಯಿತು. ಮಿತಿ, ಅಳತೆ, ಶಿಕ್ಷೆ ಈ ಮೂರೂ ಇದ್ದಲ್ಲಿ ನಮ್ಮ ಸರದಿ ಪದ್ಧತಿಯೂ ನಡೆಯುತ್ತದೆ. ಇಲ್ಲದಲ್ಲಿ ಮಾರುಕಟ್ಟೆಯೂ ನಡೆಯುವುದಿಲ್ಲ. ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವುದನ್ನು ತಡೆಯಲು 2024ರಲ್ಲಿ ನಮ್ಮ ನೀರಾವರಿ ಕಾಯ್ದೆಗೆ ತಿದ್ದುಪಡಿಯಾಗಿದೆ. ಪಂಪು ಕೀಳಲು ಹೋದ ಕಿರಿಯ ಎಂಜಿನಿಯರನ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬುದು ಕಾಯ್ದೆಯಲ್ಲಿ ಬರೆಯುವ ವಿಷಯವಲ್ಲ.

ನಾಟಿ ಸಾಲು:
ಇಷ್ಟು ಹೊತ್ತು ಓದುತ್ತಿದ್ದೆ. ಸಿಂಧನೂರು ಸೀಮೆಯಲ್ಲಿ ಕೃಷಿ ಕೂಲಿ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ನೆರಳುಬೆಲೆಯವರೇ, ನಿಮ್ಮ ಮಾದರಿಯಲ್ಲಿ ಆಳು ಎನ್ನುವುದು ಖರ್ಚಿನ ಕಡೆ ಇದೆ, ಅಲ್ಲವೇ? ಭೂಮಿ ಇಲ್ಲದ ಮನೆಗೆ ಅದೇ ಆದಾಯ. ನಾಟಿಯ ಗುತ್ತಿಗೆ, ಕಳೆ ಕೀಳುವುದು, ಇವು ನಿಂತರೆ ಆ ಮನೆಯ ಲೆಕ್ಕವೇ ನಿಲ್ಲುತ್ತದೆ. "ಒಟ್ಟು ನಿವ್ವಳ ಆದಾಯ ಅತಿ ಹೆಚ್ಚು" ಎಂದು ನೀವು ಬರೆಯುವಾಗ ಯಾರ ಆದಾಯ? ಪಹಣಿಯಲ್ಲಿ ಹೆಸರಿದ್ದವರದ್ದು ಮಾತ್ರ. ಎಕರೆಗೆ ಸಮನಾಗಿ ಹಣ ಹಿಂದಿರುಗಿಸುತ್ತೇನೆ ಎಂದಿರಿ. ಎಕರೆ ಇಲ್ಲದವರಿಗೆ ಏನು? ಗುತ್ತಿಗೆಗೆ ಮಾಡುವವನಿಗೂ ಸಿಗುವುದಿಲ್ಲ, ಹಣ ಭೂಮಾಲೀಕನ ಖಾತೆಗೆ ಹೋಗುತ್ತದೆ, ದರ ಮಾತ್ರ ಗುತ್ತಿಗೆದಾರನ ತಲೆಗೆ.

ಹಾಗೆಂದು ಭತ್ತವೇ ಇರಲಿ ಎಂದು ನಾನು ಹೇಳುತ್ತಿಲ್ಲ. ಹತ್ತಿ ಬಿಡಿಸುವುದರಲ್ಲೂ ಮೆಣಸಿನಕಾಯಿ ಕೀಳುವುದರಲ್ಲೂ ಕೆಲಸ ಇದೆ. ಕೊನೆಯ ಭಾಗಕ್ಕೆ ಒಂದೆರಡು ನೀರು ಖಚಿತವಾಗಿ ಬಂದರೆ ಅಲ್ಲಿಯ ಕೂಲಿಯವರು ಬೆಂಗಳೂರಿಗೆ ಗುಳೆ ಹೋಗುವುದು ಕಡಿಮೆಯಾಗಬಹುದು. ಆದರೆ ಅದನ್ನು ಲೆಕ್ಕ ಹಾಕಿ ತೋರಿಸಿ. ಮೇಲೆ ಎಷ್ಟು ಕೂಲಿ ದಿನ ಹೋಯಿತು, ಕೆಳಗೆ ಎಷ್ಟು ಬಂತು, ಯಾವ ತಿಂಗಳಲ್ಲಿ.

ಇನ್ನೊಂದು. ನೀವೆಲ್ಲ ದರ, ಸರದಿ, ಮಾರುಕಟ್ಟೆ ಎನ್ನುತ್ತಿದ್ದೀರಿ. ನಮ್ಮ ಕಡೆ ರೈತರು ಆಗಲೇ ಬದಲಾಗುತ್ತಿದ್ದಾರೆ. ಕಾಲುವೆ ನೀರು ತಡವಾಗಿ ಬರುವುದರಿಂದ ಕೂರಿಗೆಯಲ್ಲಿ ಭತ್ತವನ್ನು ನೇರವಾಗಿ ಬಿತ್ತುವುದು ಹರಡಿದೆ. ಸಸಿಮಡಿಯೂ ಇಲ್ಲ, ಕೆಸರು ಮಾಡುವುದೂ ಇಲ್ಲ, ನೀರೂ ಕಡಿಮೆ. ಯಾರೂ ದರ ಏರಿಸಿರಲಿಲ್ಲ. ಅದರಿಂದ ನಾಟಿಯ ಕೂಲಿ ಹೋಯಿತು ಎಂಬುದೂ ನಿಜ.

ಕಾರಟಗಿ ಗದ್ದೆ:
ಅಕ್ಕ ಸರಿಯಾಗಿ ಹೇಳಿದರು. ಬದಲಾಗಿ ಎಂದರೆ ಬದಲಾಗುತ್ತೇವೆ, ನಷ್ಟ ಯಾರು ಹೊರುತ್ತಾರೆ ಎಂದು ಮೊದಲು ಹೇಳಿ. ಹರಿಯಾಣದಲ್ಲಿ 2020ರಲ್ಲಿ ಭತ್ತ ಬಿಟ್ಟವರಿಗೆ ಎಕರೆಗೆ 7,000 ರೂಪಾಯಿ ಎಂದರು. ಪಂಜಾಬಿನಲ್ಲಿ 2018ರಲ್ಲಿ ಪಂಪಿಗೆ ವಿದ್ಯುತ್ತಿನ ಪಾಲು ಗೊತ್ತುಮಾಡಿ, ಉಳಿಸಿದ ಯೂನಿಟ್ಟಿಗೆ 4 ರೂಪಾಯಿ ರೈತನ ಖಾತೆಗೆ ಹಾಕುವ ಪ್ರಯೋಗ ಮಾಡಿದರು. ಇಲ್ಲಿ ಬೇಸಿಗೆಯ ಎರಡನೇ ಬೆಳೆಯನ್ನು ಬಿಟ್ಟವರಿಗೆ ಹಣ ಕೊಡಿ, ನೀರು ಕೆಳಗೆ ಹೋಗಲಿ. ನಾನೇ ಮೊದಲು ಸಹಿ ಹಾಕುತ್ತೇನೆ.

ಕೊನೆಯ ತೂಬು:
ಅಂದರೆ ಪಟ್ಟಿ ಮೀರಿದವನಿಗೆ ಪರಿಹಾರ, ಪಟ್ಟಿಯೊಳಗಿದ್ದು ಒಣಗಿದವನಿಗೆ ಭಾಷಣ.

ಕಾರಟಗಿ ಗದ್ದೆ:
ಹಾಗಾದರೆ ಇನ್ನೊಂದು ಎಪ್ಪತ್ತು ವರ್ಷ ಪಟ್ಟಿ ಹಿಡಿದುಕೊಂಡು ಕುಳಿತಿರಿ ಅಣ್ಣಾ. ಅಣೆಕಟ್ಟೆಗೆ ನೀರು ನಿಂತದ್ದು 1953ರಲ್ಲಿ. ಅಂದಿನಿಂದ ಆ ಪಟ್ಟಿ ನಿಮಗೆ ಎಷ್ಟು ನೀರು ತಂದಿದೆ?

ನೆರಳುಬೆಲೆ:
ಇಬ್ಬರ ಮಾತನ್ನೂ ಮಾದರಿಗೆ ಹಾಕಿ ನೋಡಬಹುದು, ಅದಕ್ಕೇ ಅದು ಇರುವುದು. ಹಕ್ಕು ಯಾರದ್ದು ಎಂಬುದನ್ನು ಸೂತ್ರ ತೀರ್ಮಾನಿಸುವುದಿಲ್ಲ. ಹಕ್ಕು ಮೇಲಿನವರದ್ದು ಎಂದು ಹಿಡಿದರೆ ಕೆಳಗಿನವರು ಅಥವಾ ಸರ್ಕಾರ ಹಣ ಕೊಡಬೇಕು. ಕೆಳಗಿನವರದ್ದು ಎಂದು ಹಿಡಿದರೆ ಮೇಲಿನವರು ದಂಡ ಕಟ್ಟಬೇಕು. ಬೆಳೆಯ ಹಂಚಿಕೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬರುತ್ತದೆ, ಹಣ ಹರಿಯುವ ದಿಕ್ಕು ಮಾತ್ರ ತಿರುಗುತ್ತದೆ. ನನಗೆ ಕಂಡದ್ದು ಇಷ್ಟು: ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನಮೀಟರ್. ದಾರಿಯ ಸೋರಿಕೆ ಬಿಟ್ಟರೆ ಅದು ಸುಮಾರು 5,800 ಎಕರೆ ಭತ್ತಕ್ಕೆ, ಇಲ್ಲವೇ 450 ಮಿ.ಮೀ. ಲೆಕ್ಕದಲ್ಲಿ 15,500 ಎಕರೆ ಜೋಳಕ್ಕೆ ಸಾಲುತ್ತದೆ. ಬೇಸಿಗೆ ಭತ್ತದ ಸಣ್ಣ ಪಾಲನ್ನು ಬಿಡಿಸಿದರೂ ಕೆಳಗಿನ ಎಕರೆ ದೊಡ್ಡದಾಗಿ ಕಾಣುತ್ತದೆ. ನಾಟಿ ಸಾಲು ಅಕ್ಕ ಕೇಳಿದ ಕೂಲಿ ದಿನಗಳನ್ನು ಬೇರೆ ಸಾಲಾಗಿ ಸೇರಿಸುತ್ತೇನೆ, ಖರ್ಚಿನಲ್ಲಿ ಮುಚ್ಚಿಡುವುದಿಲ್ಲ.

ಹಳೆಯ ಗೇಜು:
ಯಾವ ವರ್ಷದ ನೀರು ಹಾಕಿದ್ದೀರಿ? ಸರಾಸರಿ ವರ್ಷ ಎಂಬುದು ಈ ಅಣೆಕಟ್ಟೆಗೆ ಬರುವುದೇ ಇಲ್ಲ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದುದು ಹೂಳು ತುಂಬಿ ಈಗ 105 ಟಿಎಂಸಿಯ ಆಸುಪಾಸಿಗೆ ಬಂದಿದೆ. 2023 ಬರದ ವರ್ಷ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯವನ್ನು ಇಳಿಸಿ, ಸುಮಾರು ವಾರದಲ್ಲಿ ತಾತ್ಕಾಲಿಕ ತಡೆ ಕೂರಿಸಿದರು. ಆಮೇಲೆ ಮಳೆ ಕೈಹಿಡಿಯಿತು ಎನ್ನಿ. ಇಂಥ ವರ್ಷಗಳನ್ನು ಸರಾಸರಿಗೆ ಹಾಕಿ ಅರೆದರೆ ಮಾದರಿಯಲ್ಲಿ ಎಲ್ಲರಿಗೂ ಪ್ರತಿ ವರ್ಷ ಅರೆಹೊಟ್ಟೆ ನೀರು ಸಿಗುತ್ತದೆ. ನಿಜದಲ್ಲಿ ಮೇಲಿನವನಿಗೆ ಪ್ರತಿ ವರ್ಷ ಸಿಗುತ್ತದೆ, ಕೆಳಗಿನವನಿಗೆ ಕೆಲವು ವರ್ಷ ಪೂರ್ತಿ ಇಲ್ಲ. ಅಂಥವನು ಒಳ್ಳೆಯ ವರ್ಷದಲ್ಲೂ ಗೊಬ್ಬರಕ್ಕೆ ಹಣ ಹಾಕಲು ಹೆದರುತ್ತಾನೆ. ಆ ಹೆದರಿಕೆಗೂ ಒಂದು ಬೆಲೆ ಇದೆ, ಅದನ್ನು ಹಾಕಿ. ಸಂಭವನೀಯತೆ ಸೇರಿಸಿದ ಮಾದರಿಗಳಿವೆ, ಡೇವಿಸ್‌ನವರು ಹೇಳಿಕೊಡುತ್ತಾರೆ.

ಡೇವಿಸ್ ಕನ್ನಡಿಗ:
ಖಂಡಿತ. ಹಳೆಯ ವರ್ಷಗಳ ಒಳಹರಿವನ್ನು ಒಂದೊಂದಾಗಿ ಓಡಿಸಿ, ಬಿತ್ತನೆಯ ತೀರ್ಮಾನ ಮೊದಲು, ನೀರಿನ ಸುದ್ದಿ ಆಮೇಲೆ ಎಂದು ಎರಡು ಹಂತ ಮಾಡಿ. ಮಾರುಕಟ್ಟೆಯ ಮಾತನ್ನು ನಾನು ಬಿಟ್ಟಿಲ್ಲ. ಎರಡು ಸಂಘಗಳ ನಡುವೆ ಒಂದು ಹಂಗಾಮಿಗೆ, ಒಪ್ಪಿಗೆಯ ಮೇಲೆ ನಡೆಯುವ ಅದಲುಬದಲಿಗೆ ಮೀಟರ್ ಸೈನ್ಯವೇನೂ ಬೇಕಿಲ್ಲ, ಮೈಲ್ 69 ಮತ್ತು 104ರ ಗೇಜ್ ಸಾಕು. ಪಾಲು ಮಾತ್ರ ಮೊದಲೇ ಕೆಳಗಿನವರ ಹೆಸರಿನಲ್ಲಿ ಬರೆದಿರಬೇಕು.

ಕೊನೆಯ ತೂಬು:
ಮೊದಲು ಬರೆಯಿರಿ, ಆಮೇಲೆ ಮಾರುವ ಮಾತು. ವಿದ್ಯಾರ್ಥಿ ತಮ್ಮನಿಗೆ ಒಂದು ವಿನಂತಿ: ಗೇಜಿನ ಅಂಕಿ ತಿಂಗಳ ಸರಾಸರಿಯಲ್ಲಿ ಬೇಡ. ಹಬ್ಬದ ಹಿಂದಿನ ದಿನ, ಸಚಿವರು ಬರುವ ದಿನ ನಮ್ಮಲ್ಲೂ ಮೂರು ದಿನ ಕಾಲುವೆ ತುಂಬುತ್ತದೆ. ಅದರಿಂದ ತಿಂಗಳ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಬೆಳೆ ಒಣಗಿರುತ್ತದೆ. ದಿನದ್ದು ತೆಗೆದುಕೊಳ್ಳಿ. ನಮ್ಮ ಸಂಘದವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದಿದೆ, ಫೋಟೋ ಕಳುಹಿಸುತ್ತೇನೆ.

ಕಾರಟಗಿ ಗದ್ದೆ:
ಅವರ ನೋಟ್‌ಬುಕ್ ಹಾಕುವುದಾದರೆ ನಮ್ಮ ಮಣ್ಣಿನ ಪರೀಕ್ಷೆಯ ಚೀಟಿಗಳನ್ನೂ ಹಾಕಿ. ಸವುಳು ಭೂಮಿಗೆ ಬೇರೆ ಸಾಲು ಬರೆಯಿರಿ, ಅದಕ್ಕೆ ಜೋಳವನ್ನು ಆಯ್ಕೆಯಾಗಿ ಕೊಡಬೇಡಿ. ಅದಾದ ಮೇಲೆ ಬರುವ ಉತ್ತರ ನಮಗೆ ವಿರುದ್ಧವಾಗಿದ್ದರೂ ಓದುತ್ತೇನೆ. ಒಪ್ಪುತ್ತೇನೆ ಎಂದಲ್ಲ.

ನೆರಳುಬೆಲೆ:
ಎರಡನ್ನೂ ಕಳುಹಿಸಿ. ಹಳೆಯ ಗೇಜು ಸರ್, ಮೈಲ್ 69ರಿಂದ 104ರವರೆಗಿನ ಸೋರಿಕೆಗೆ ಯಾವ ಅಂಕಿ ಹಿಡಿಯಲಿ?

ಹಳೆಯ ಗೇಜು:
ಪುಸ್ತಕದ ಅಂಕಿ ಹಿಡಿಯಬೇಡಿ. ಆ ಮಧ್ಯದ ಉಪಕಾಲುವೆಗಳು ಬಂದ್ ಆಗಿದ್ದ ದಿನಗಳ ಎರಡೂ ಗೇಜ್ ತೆಗೆದು, ಹರಿವಿನ ಪ್ರಮಾಣಕ್ಕೆ ತಿರುಗಿಸಿಕೊಂಡು ಕಳೆಯಿರಿ. ನೀರು ಇಷ್ಟು ದೂರ ಬರಲು ಹಿಡಿಯುವ ಹೊತ್ತನ್ನು ಬಿಟ್ಟು ಮುಂದಿನ ದಿನದ ಅಂಕಿಗೆ ಹೊಂದಿಸಿ. ಹಾಗೆ ಬಂದ ವ್ಯತ್ಯಾಸದಲ್ಲಿ ಸೋರಿಕೆ ಎಷ್ಟು, ಪಂಪು ಎಷ್ಟು ಎಂದು ನನ್ನನ್ನು ಕೇಳಬೇಡಿ, ಕಾರಟಗಿಯವರನ್ನೂ ಕೊನೆಯ ತೂಬಿನವರನ್ನೂ ಒಟ್ಟಿಗೆ ಕೂರಿಸಿ ಕೇಳಿ.